ವೃಷಭಾವತಿಯ ದಂಡೆಯಲ್ಲಿ ನಡೆಯೋಕೆ ಒಂದು ದಾರಿ ಕೊಡಿ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ,
ಬೆಂಗಳೂರು ಜಲಮಂಡಳಿಯ ಅಧ್ಯಕ್ಷರಿಗೆ,
ಹಾಗೂ ಮೈಸೂರು ರಸ್ತೆಯ ಎರಡೂ ಬದಿಯಲ್ಲಿ ವಾಸವಿರುವ ನಮ್ಮೆಲ್ಲರಿಗೆ,

ಮಾನ್ಯರೇ,

ಮೈಸೂರಿನಿಂದ ಬಸ್ಸಿನಲ್ಲಿ ಬರುವವರಿಗೆ ಬೆಂಗಳೂರು ಹತ್ತಿರವಾದದ್ದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ನಿದ್ದೆಯಲ್ಲಿದ್ದವರೂ ಎದ್ದು ಕಿಟಕಿ ಎಳೆದು, 'ಕೆಂಗೇರಿ ಮೋರಿ ಬಂತು' ಅನ್ನುತ್ತಿದ್ದರು. ಆ ಮೋರಿಯ ಪಕ್ಕದ ಊರಿಗೇ ನಾನು ಸೊಸೆಯಾಗಿ ಬಂದೆ. ಮೂವತ್ತು ವರ್ಷ ದಾಟಿತು.

ಬಂದ ಹೊಸದರಲ್ಲಿ ನಾನೂ ಮೋರಿ ಅಂತಲೇ ಕರೆದೆ. ನಮ್ಮ ಅತ್ತೆ ತಿದ್ದಿದರು. 'ಹಾಗನ್ನಬೇಡಮ್ಮ, ಅದು ಹೊಳೆ' ಅಂದರು. ಅವರು ಚಿಕ್ಕವರಿದ್ದಾಗ ಅಲ್ಲಿಗೇ ಬಟ್ಟೆ ಒಗೆಯೋಕೆ ಹೋಗುತ್ತಿದ್ದರಂತೆ. ಬೇಸಿಗೆಯಲ್ಲಿ ಹರಿವು ಸಣ್ಣದಾದಾಗ ಮರಳು ಬಗೆದು ಒರತೆ ಮಾಡಿ, ತಿಳಿಯಾಗುವವರೆಗೆ ಕಾದು, ಚೊಂಬಿನಲ್ಲಿ ಮೊಗೆದು ಕುಡಿಯುತ್ತಿದ್ದರಂತೆ. ಅವರಿಗೆ ಈಗ ಎಂಬತ್ತಾರು ವರ್ಷ. ಮಾತು ಕಡಿಮೆಯಾಗಿದೆ. ಆದರೆ ಆ ನೀರಿನ ರುಚಿ ಕೇಳಿದರೆ ಇವತ್ತಿಗೂ ಹೇಳುತ್ತಾರೆ, 'ಸಿಹಿ ಇತ್ತು' ಅಂತ.

ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಆ ಹೊಳೆಯ, ಅಂದರೆ ವೃಷಭಾವತಿಯ, ದಂಡೆಯಲ್ಲಿ ನಡೆಯೋಕೆ ಒಂದು ದಾರಿ. ನಾಯಂಡಹಳ್ಳಿಯಿಂದ ಕೆಂಗೇರಿವರೆಗೆ, ಮರದ ನೆರಳು ಇರುವ ಮಣ್ಣಿನ ದಾರಿ. 'ಕೊಳಚೆ ಹರಿಯುವ ಕಡೆ ದಾರಿ ಯಾಕೆ, ಮೊದಲು ನೀರು ಶುದ್ಧವಾಗಲಿ' ಅಂತ ನೀವು ಹೇಳಬಹುದು. ಇಷ್ಟು ವರ್ಷ ಎಲ್ಲರೂ ಹೇಳಿದ್ದು ಅದನ್ನೇ. ದಾರಿ ಇಲ್ಲದ್ದರಿಂದಲೇ ಕೊಳಚೆ ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಹರಿಯಿತು ಅನ್ನುವುದು ನನ್ನ ಅನಿಸಿಕೆ. ಯಾಕೆ ಹಾಗನಿಸುತ್ತದೆ ಅಂತ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಹತ್ತಿರ ಒಂದು ಶಾಸನ ಇದೆ. ವೃಷಭಾವತಿ ಹುಟ್ಟುವುದು ಇಲ್ಲೇ ಅಂತ ಅದು ಹೇಳುತ್ತದೆ. ಹೊಳೆಗೆ ಹೆಸರು ಬಂದದ್ದೇ ಆ ಬಸವನಿಂದ. ಮಲ್ಲೇಶ್ವರದವರು ಬೇರೆ ಹೇಳುತ್ತಾರೆ. ಕಾಡು ಮಲ್ಲೇಶ್ವರ ದೇವಸ್ಥಾನದ ಎದುರು 1997ರಲ್ಲಿ ಮಣ್ಣು ತೆಗೆದಾಗ ನಂದಿ ತೀರ್ಥ ಸಿಕ್ಕಿತಲ್ಲ, ಅಲ್ಲಿ ನಂದಿಯ ಬಾಯಿಂದ ಲಿಂಗದ ಮೇಲೆ ಬೀಳುವ ನೀರೇ ವೃಷಭಾವತಿಯ ಮೂಲ ಅನ್ನುತ್ತಾರೆ. ಎರಡನ್ನೂ ನಂಬೋಕೆ ನನಗೇನೂ ಕಷ್ಟವಿಲ್ಲ. ದಿಬ್ಬದ ಮೇಲೆ ಕೂತಿರುವ ಊರು ನಮ್ಮದು. ಮಳೆ ನೀರು ಹತ್ತು ಕಡೆಯಿಂದ ಇಳಿದು ಬಂದು ಒಂದು ಹೊಳೆಯಾಗುತ್ತದೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ ಇರುವುದು ವೃಷಭಾವತಿಯೂ ಪಶ್ಚಿಮವಾಹಿನಿಯೂ ಕೂಡುವ ಜಾಗದಲ್ಲಿ. ಹಿಂದಿನವರು ಸಂಗಮ ನೋಡಿಯೇ ಅಲ್ಲಿ ದೇವರನ್ನು ಕೂರಿಸಿದ್ದು. ಈಗ ಜೋರು ಮಳೆ ಬಂದಾಗ ಆ ಹೊಳೆಯ ಕೊಳಚೆಯೇ ಗುಡಿಯೊಳಗೆ ನುಗ್ಗಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ.

ಅಲ್ಲಿಂದ ಮುಂದೆ ನಾಯಂಡಹಳ್ಳಿ, ಕೆಂಗೇರಿ ದಾಟಿ, ಬಿಡದಿ ಕಡೆಯ ಬೈರಮಂಗಲ ಕೆರೆ. ಆಮೇಲೆ ಅರ್ಕಾವತಿ. ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ.

ಕಾವೇರಿ ಅಂದಾಗ ಒಂದು ವಿಷಯ ಹೇಳಲೇಬೇಕು. ಬೇಸಿಗೆಯಲ್ಲೂ ಬತ್ತದೆ ವೃಷಭಾವತಿಯಲ್ಲಿ ಹರಿಯುವ ನೀರು ಯಾವುದು? ಬಹುಪಾಲು ಕಾವೇರಿಯದೇ. ಮೊದಲು ಈ ಊರಿಗೆ ನೀರು ಕೊಟ್ಟದ್ದು ಅರ್ಕಾವತಿ. ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ನೀರು ಬಂತು. ಅದು ಸಾಲದೆ 1974ರಲ್ಲಿ ಕಾವೇರಿ ಬಂದಳು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರ. ಹಗಲು ರಾತ್ರಿ ಪಂಪು ಓಡಿಸಿ ಆ ನೀರನ್ನು ನಮ್ಮ ಮನೆಗೆ ತರುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತವೂ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಜಾಸ್ತಿ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಸುಮಾರು 80 ಭಾಗ ಬಳಸಿದ ನೀರಾಗಿ ಹೊರಗೆ ಹೋಗುತ್ತದೆ ಅಂತ ಲೆಕ್ಕ. ಅಕ್ಕಿ ತೊಳೆದದ್ದು, ಬಚ್ಚಲಿನದು, ಬಟ್ಟೆ ಒಗೆದದ್ದು, ಪಾಯಿಖಾನೆಯದು. ಊರಿನ ಪಶ್ಚಿಮ ಭಾಗದಲ್ಲಿ ಅದೆಲ್ಲ ಇಳಿಯುವುದು ಈ ಕಣಿವೆಗೇ. ಇನ್ನು ಪೀಣ್ಯ ಕಡೆಯ ಕೈಗಾರಿಕೆಗಳ ನೀರೂ ಸೇರುತ್ತದೆ, ಅದು ಮನೆಯ ಕೊಳಚೆಗಿಂತ ಕೆಟ್ಟದ್ದು.

ಅಂದರೆ ನಾವು ಇಷ್ಟು ಕಷ್ಟಪಟ್ಟು ಮೇಲಕ್ಕೆ ತಂದ ಕಾವೇರಿಯನ್ನು ಗಲೀಜು ಮಾಡಿ ವೃಷಭಾವತಿಯ ಕೈಯಲ್ಲಿ ವಾಪಸ್ ಕಳಿಸುತ್ತಿದ್ದೇವೆ. ಮೊದಲು ನೀರು ಕೊಟ್ಟ ಅರ್ಕಾವತಿಯ ಮೈಮೇಲೆ ಹಾದು ಹೋಗುತ್ತದೆ ಅದು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಳೆದ ಬೇಸಿಗೆಯ ಒಂದು ಭಾನುವಾರ ನಾವು ಮೂವರು ಹೊಳೆಯ ಪಕ್ಕ ನಡೆಯೋಣ ಅಂತ ಹೊರಟೆವು. ನಾನು, ಪಕ್ಕದ ಮನೆಯ ನಿವೃತ್ತ ಬಸ್ ಚಾಲಕರು, ಪಿಯುಸಿ ಓದುವ ಅವರ ಮೊಮ್ಮಗಳು. ಕೆಂಗೇರಿಯಿಂದ ನಾಯಂಡಹಳ್ಳಿವರೆಗೆ ಹೋಗುವುದು ನಮ್ಮ ಆಸೆ. ರಸ್ತೆಯಲ್ಲಿ ಅದೇನು ದೂರ ಅಲ್ಲ. ಆದರೆ ಹೊಳೆಯ ಪಕ್ಕ ಒಂದೇ ಸಮನೆ ಅರ್ಧ ಕಿಲೋಮೀಟರ್ ಕೂಡ ನಡೆಯಲಾಗಲಿಲ್ಲ. ಒಂದು ಕಡೆ ಎತ್ತರದ ಕಾಂಕ್ರೀಟ್ ಗೋಡೆ, ಬಗ್ಗಿ ನೋಡಿದರೂ ನೀರು ಕಾಣದು. ಇನ್ನೊಂದು ಕಡೆ ಕಾಂಪೌಂಡು ಹೊಳೆಯ ಅಂಚಿಗೇ ಬಂದು ನಿಂತಿದೆ. ಮತ್ತೊಂದು ಕಡೆ ಕಟ್ಟಡ ಒಡೆದ ಮಣ್ಣು, ಇಟ್ಟಿಗೆ, ಟೈಲ್ಸ್ ಚೂರಿನ ಗುಡ್ಡ. ರಾತ್ರಿ ಲಾರಿಯಲ್ಲಿ ತಂದು ಸುರಿದದ್ದು. ಅದರ ಮೇಲೆ ಹರಳು ಗಿಡ ಆಳೆತ್ತರ ಬೆಳೆದಿತ್ತು, ಅಂದರೆ ಸುರಿದು ಎಷ್ಟು ಕಾಲವಾಗಿದೆಯೋ. ಮೂಟೆ ಕಟ್ಟಿ ಎಸೆದ ಕೋಳಿ ಅಂಗಡಿಯ ಕಸ, ಅದರ ಮೇಲೆ ಹದ್ದುಗಳು.

ಕೊಳವೆ ಬಾಯಿಗಳನ್ನು ಎಣಿಸಬೇಕು ಅಂತ ಆ ಹುಡುಗಿ ಮೊದಲೇ ಹೇಳಿದ್ದಳು. ಹೊಳೆಗೆ ಪಕ್ಕದಿಂದ ಬಂದು ಸೇರುವ ಪ್ರತಿ ಕೊಳವೆ, ಪ್ರತಿ ಚರಂಡಿ. ಶುರುವಿನಲ್ಲಿ ಬೆರಳು ಮಡಚಿ ಎಣಿಸಿದೆವು, ಬೇಗನೆ ಬೆರಳು ಮುಗಿದವು. ಆಮೇಲೆ ಅವಳು ಫೋನಿನಲ್ಲಿ ಒಂದೊಂದರ ಫೋಟೋ ತೆಗೆದು ನಕ್ಷೆಯ ಮೇಲೆ ಚುಕ್ಕೆ ಇಡುತ್ತಾ ಹೋದಳು. ಕೆಲವು ಒಣಗಿದ್ದವು, ಮಳೆ ನೀರಿನವು. ಕೆಲವದರಲ್ಲಿ ಬಚ್ಚಲ ನೀರು, ಸೋಪಿನ ನೊರೆ. ಕೆಲವದರಲ್ಲಿ ಕಪ್ಪು ನೀರು. ಒಂದರ ಕೆಳಗಿನ ಕಲ್ಲಿಗೆ ನೀಲಿ ಬಣ್ಣ ಹತ್ತಿತ್ತು. ಬೇಸಿಗೆಯ ನಡುವೆ, ಮಳೆಯ ಹನಿಯೇ ಬೀಳದ ದಿನಗಳಲ್ಲಿ, ಮಳೆ ನೀರಿನ ಕೊಳವೆಯಲ್ಲಿ ನೀರು ಹರಿಯುತ್ತಿದೆ ಅಂದರೆ ಅದು ಏನು ಅಂತ ಯಾರಿಗಾದರೂ ಗೊತ್ತಾಗುತ್ತದೆ ಅಲ್ವಾ. ಅದಕ್ಕೆ ಪ್ರಯೋಗಾಲಯ ಬೇಡ. ಯಾರಾದರೂ ಅಲ್ಲಿ ನಿಂತು ನೋಡಿದರೆ ಸಾಕು.

ನಡುವೆ ಒಂದು ಕಡೆ ಮಾತ್ರ ಗೋಡೆ ಇಲ್ಲದ ಮಣ್ಣಿನ ದಂಡೆ ಸಿಕ್ಕಿತು. ಎರಡು ಹೊಂಗೆ ಮರ, ಒಂದಿಷ್ಟು ಬಿದಿರು, ನೀರಿನ ಅಂಚಿಗೆ ಜೊಂಡು. ಹಸು ಮೇಯುತ್ತಿದ್ದವು. ಬೆಳ್ಳಕ್ಕಿ ಇದ್ದವು, ಉದ್ದ ಕೆಂಪು ಕಾಲಿನ ಮೆಟ್ಟುಗಾಲ ಹಕ್ಕಿಗಳಿದ್ದವು. ನೀರು ಕಪ್ಪೇ, ವಾಸನೆಯೂ ಇತ್ತು. ಆದರೂ ಹೊಂಗೆಯ ಕೆಳಗೆ ತಂಪಿತ್ತು. ಆಗ ಅದು ಹೊಳೆ ಅಂತ ನನಗೆ ಮೊದಲ ಸಲ ಅನಿಸಿತು. ಅತ್ತೆ ಮೂವತ್ತು ವರ್ಷ ಹೇಳಿದ್ದು ಅವತ್ತು ಕಣ್ಣಿಗೆ ಕಂಡಿತು.

ಆ ಚುಕ್ಕೆಗಳ ನಕ್ಷೆಯನ್ನು ಪ್ರಿಂಟ್ ತೆಗೆಸಿ ಒಂದು ಕಚೇರಿಗೆ ತೆಗೆದುಕೊಂಡು ಹೋದೆವು. ಯಾವುದು ಅಂತ ಬೇಡ. ಅಲ್ಲಿದ್ದವರು ಮರ್ಯಾದೆಯಿಂದಲೇ ಕೂರಿಸಿ ಮಾತಾಡಿದರು. 'ಇದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ' ಅಂದರು. ಇನ್ನೊಂದು ಕಚೇರಿಯ ಹೆಸರು ಹೇಳಿದರು. ಅಲ್ಲೂ ಅದೇ ಮಾತು. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಅವರ ಮಾತು ನಿಜವೇ ಇರಬಹುದು, ಕಷ್ಟ ಇರುವುದೇ ಅಲ್ಲಿ. ಕಾಲುವೆ, ಗೋಡೆ ಒಬ್ಬರದು. ಕೊಳಚೆ ಕೊಳವೆ ಇನ್ನೊಬ್ಬರದು. ಕಾರ್ಖಾನೆಯ ವಿಷ ಮತ್ತೊಬ್ಬರದು. ಒತ್ತುವರಿ ಅಳೆಯುವವರು ಬೇರೆ. ಪಕ್ಕದ ರಸ್ತೆ, ಮೆಟ್ರೊ ಕಂಬ, ರೈಲು ಹಳಿ, ಕೆಳಗಿನ ಕೆರೆ, ಒಂದೊಂದಕ್ಕೂ ಬೇರೆ ಬೇರೆ ಯಜಮಾನರು. 2025ರ ಸೆಪ್ಟೆಂಬರ್‌ನಲ್ಲಿ ಊರು ಐದು ಪಾಲಿಕೆಯೂ ಆಯಿತು. ನೀರಿಗೆ ಈ ಗಡಿಗಳು ಗೊತ್ತಿಲ್ಲ. ಐದರ ಮೇಲೆ ಒಂದು ಪ್ರಾಧಿಕಾರ ಇರುವುದರಿಂದಲೇ ನಿಮಗೆ ಈ ಪತ್ರ ಬರೆಯುತ್ತಿದ್ದೇನೆ. ಊರೊಳಗಿನ ಹೊಳೆಯನ್ನಾದರೂ ಒಟ್ಟಿಗೆ ನೋಡುವ ಅಧಿಕಾರ ಈಗ ನಿಮಗಿದೆ.

ಈಗ ದಾರಿಯ ಮಾತಿಗೆ ಬರುತ್ತೇನೆ.

ನಾನು ಕೇಳುವ ದಾರಿ ಚಂದಕ್ಕಲ್ಲ. ದಿನ ಬೆಳಿಗ್ಗೆ ಐನೂರು ಜನ ನಡೆಯುವ ಕಡೆ ರಾತ್ರಿ ಲಾರಿ ತಂದು ಮಣ್ಣು ಸುರಿಯೋಕೆ ಧೈರ್ಯ ಬರುವುದಿಲ್ಲ. ಹೊಸ ಕೊಳವೆ ತೂತು ಬಿದ್ದ ದಿನವೇ ಯಾರಾದರೂ ಒಬ್ಬರು ಫೋಟೋ ತೆಗೆಯುತ್ತಾರೆ. ಮ್ಯಾನ್‌ಹೋಲ್ ಉಕ್ಕಿದರೆ ಒಂದು ಗಂಟೆಯೊಳಗೆ ಗೊತ್ತಾಗುತ್ತದೆ. ಕಣಿವೆಯ ತಗ್ಗಿನಲ್ಲೇ ದೊಡ್ಡ ಕೊಳಚೆ ಕೊಳವೆಗಳು ಹೋಗುವುದು, ಯಾಕೆಂದರೆ ನೀರು ಇಳಿಯುವುದು ಅಲ್ಲಿಗೆ. ಅವು ಒಡೆದಾಗ ಯಂತ್ರ ಹೋಗೋಕೆ, ಹೂಳು ತೆಗೆಯುವ ಗಾಡಿ ಹೋಗೋಕೆ, ಕೆಲಸದವರು ಹೋಗೋಕೆ ದಾರಿಯೇ ಬೇಕಲ್ಲ. ನಮಗೆ ವಾಕಿಂಗ್ ದಾರಿ, ಜಲಮಂಡಳಿಗೆ ರಿಪೇರಿ ದಾರಿ. ಎರಡೂ ಒಂದೇ ಆಗಬಹುದು. ಹಾಗಾಗಿ ನೀರು ಶುದ್ಧವಾದ ಮೇಲೆ ದಾರಿ ಅನ್ನಬೇಡಿ. ಎರಡನ್ನೂ ಜೊತೆಗೇ ಮಾಡಿ.

ಕೊಳಚೆಯನ್ನು ಹಾಗೇ ಬಿಟ್ಟು ದಂಡೆಗೆ ಮಾತ್ರ ಟೈಲ್ಸ್ ಹಾಕಿ ಅಂತ ನಾನು ಕೇಳುತ್ತಿಲ್ಲ. ಅದು ಇನ್ನೂ ದೊಡ್ಡ ತಪ್ಪು. ಕೋರಮಂಗಲ ಕಣಿವೆಯಲ್ಲಿ ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರು ಕೆರೆಗೆ ಹೋಗುವ ಕೆ-100 ರಾಜಕಾಲುವೆಯನ್ನು ಜಲಮಾರ್ಗ ಮಾಡುತ್ತೇವೆ ಅಂತ 175 ಕೋಟಿ ರೂಪಾಯಿಯ ಕೆಲಸ ಶುರುವಾಯಿತು. ಯೋಚನೆ ಒಳ್ಳೆಯದು, ನನಗೆ ಈಗಲೂ ಅದರ ಮೇಲೆ ಆಸೆ ಇದೆ. ಆದರೆ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಅದಕ್ಕೆ ದೊಡ್ಡ ಕಾರಣ ಪಕ್ಕದ ಗಲ್ಲಿಗಳಿಂದ ಬಂದು ಸೇರುವ ಕೊಳಚೆ. ಮುಖ್ಯ ಕಾಲುವೆಯಲ್ಲಿ ನಿಂತು ಎಷ್ಟು ತಡೆದರೂ ಗಲ್ಲಿಯಲ್ಲಿ ತಡೆಯದಿದ್ದರೆ ಆಗುವುದಿಲ್ಲ. ವೃಷಭಾವತಿಯಲ್ಲಿ ಈ ಪಾಠವನ್ನು ಮೊದಲೇ ಕಲಿತು ಶುರುಮಾಡಿ. ಹೊಳೆಗೆ ಸೇರುವ ಒಂದೊಂದು ಚರಂಡಿಯನ್ನೂ ಹಿಡಿದು ಹಿಂದಕ್ಕೆ ಹೋಗಿ. ಯಾವ ಬೀದಿಯಲ್ಲಿ ಒಳಚರಂಡಿ ಇಲ್ಲ, ಯಾವ ಕಟ್ಟಡ ಮಳೆ ನೀರಿನ ಮೋರಿಗೆ ಸಂಪರ್ಕ ಕೊಟ್ಟಿದೆ, ಯಾವ ಕಡೆ ಕೊಳವೆ ಸಣ್ಣದಾಗಿ ಉಕ್ಕುತ್ತಿದೆ, ಅದನ್ನು ಅಲ್ಲೇ ಸರಿಮಾಡಿ. ಇದು ನಿಧಾನದ ಕೆಲಸ. ಉದ್ಘಾಟನೆಗೆ ರಿಬ್ಬನ್ ಕತ್ತರಿಸೋಕೆ ಇದರಲ್ಲಿ ಏನೂ ಸಿಗುವುದಿಲ್ಲ. ಆದರೆ ಹೊಳೆ ಬದುಕುವುದು ಇದರಿಂದಲೇ.

ಸಿಯೋಲ್ ನಗರದ ಚಿಯಾಂಗ್ಯೆಚಿಯಾನ್ ತೊರೆಯ ಹೆಸರು ನಿಮ್ಮ ಸಭೆಗಳಲ್ಲಿ ಬಂದೇ ಬರುತ್ತದೆ. ಊರ ನಡುವಿನ ಮೇಲ್ಸೇತುವೆಯನ್ನೇ ಕೆಡವಿ, 2003ರಿಂದ 2005ರೊಳಗೆ ಸುಮಾರು 5.8 ಕಿಲೋಮೀಟರ್ ತೊರೆಯನ್ನು ಅವರು ಮತ್ತೆ ತೆರೆದರು. ಅವರ ಧೈರ್ಯ ನಮಗೂ ಬರಲಿ. ಆದರೆ ಆ ತೊರೆಯಲ್ಲಿ ನೀರು ಸಾಲದೆ ಹಾನ್ ನದಿಯಿಂದ ದಿನವೂ ಪಂಪು ಮಾಡಿ ಬಿಡಬೇಕಾಯಿತು. ವೃಷಭಾವತಿಗೆ ಆ ತೊಂದರೆ ಇಲ್ಲ. ನಾಯಂಡಹಳ್ಳಿ ಹತ್ತಿರವೇ ಕಣಿವೆಯ ಶುದ್ಧೀಕರಣ ಘಟಕ ಇದೆ. ಅದು ಚೆನ್ನಾಗಿ ಓಡಿದರೆ ವರ್ಷವಿಡೀ ಹರಿಯುವಷ್ಟು ನೀರು ನಮ್ಮಲ್ಲೇ ಇದೆ.

ದೂರ ಹೋಗಬೇಕಾಗಿಲ್ಲ, ಜಕ್ಕೂರು ಕೆರೆಗೆ ಹೋಗಿ ನೋಡಿ. ಅಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಮೊದಲು ಜೊಂಡು, ಆಪು ಬೆಳೆದ ಜೌಗಿನ ಮೂಲಕ ಹಾದು ಆಮೇಲೆ ಕೆರೆಗೆ ಇಳಿಯುತ್ತದೆ. ಕೆರೆಯಲ್ಲಿ ಮೀನು ಹಿಡಿಯುತ್ತಾರೆ, ಹಕ್ಕಿಗಳಿವೆ, ಸುತ್ತ ನಡೆಯುವ ದಾರಿ ಇದೆ. ಇದೇ ಊರಿನಲ್ಲಿ, ಇದೇ ಜಲಮಂಡಳಿಯ ಘಟಕದಿಂದ ಆಗಿರುವ ಕೆಲಸ ಇದು. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು?

ನೀರಿನ ವಿಷಯದಲ್ಲಿ ಇನ್ನೊಂದು ಬೇಡಿಕೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ವೃಷಭಾವತಿ ಕಣಿವೆಯ ನೀರನ್ನೂ ಬೆಂಗಳೂರು ಗ್ರಾಮಾಂತರ, ತುಮಕೂರು ಕಡೆಯ ಕೆರೆಗಳಿಗೆ ಕಳಿಸುವ ಯೋಜನೆ ನಿಮ್ಮ ಮುಂದಿದೆ. ಒಣಗಿದ ಕೆರೆಗೆ ನೀರು ಹೋಗುವುದು ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ಒಳ್ಳೆಯ ನೀರೆಲ್ಲ ಪೈಪಿನಲ್ಲಿ ಹೋಗಿ, ಕೊಳಚೆ ಮಾತ್ರ ಹೊಳೆಯಲ್ಲಿ ಉಳಿದರೆ ಅದು ಅನ್ಯಾಯ. ಶುದ್ಧವಾದ ನೀರಿನಲ್ಲಿ ಒಂದು ಪಾಲು ಹೊಳೆಗೇ ಅಂತ ಮೊದಲೇ ಬರೆದಿಡಿ.

ಗೋಡೆಯ ಬಗ್ಗೆಯೂ ಹೇಳಬೇಕು. ಪ್ರತಿ ಸಲ ಪ್ರವಾಹ ಬಂದಾಗ ಗೋಡೆ ಎತ್ತರ ಮಾಡುತ್ತಾರೆ. ಎರಡೂ ಕಡೆ ಕಾಂಕ್ರೀಟ್, ತಳಕ್ಕೂ ಕಾಂಕ್ರೀಟ್. ನೀರು ಇಂಗುವುದಿಲ್ಲ, ನಿಲ್ಲುವುದಿಲ್ಲ, ಬಾಣದ ಹಾಗೆ ಓಡಿ ಕೆಳಗಿನವರ ಮನೆಗೆ ನುಗ್ಗುತ್ತದೆ. ಮೆಟ್ರೊ ಕಂಬ, ಹೆದ್ದಾರಿ ಪಕ್ಕದಲ್ಲೇ ಇರುವ ಕಡೆ ಗೋಡೆ ಬೇಕು, ಒಪ್ಪುತ್ತೇನೆ. ಜಾಗ ಇರುವ ಕಡೆಯಲ್ಲಾದರೂ ದಂಡೆಯನ್ನು ಇಳಿಜಾರಾಗಿ ಬಿಡಿ. ಮಳೆಗಾಲದಲ್ಲಿ ನೀರು ಅಗಲವಾಗಿ ಹರಡಿಕೊಳ್ಳಲಿ, ಬೇಸಿಗೆಯಲ್ಲಿ ಅದೇ ಜಾಗ ಹುಲ್ಲಾಗಿ ಇರಲಿ. ದಾರಿಯನ್ನು ಅದರ ಮೇಲ್ಗಡೆ ಹಾಕಿ. ವರ್ಷದಲ್ಲಿ ನಾಲ್ಕು ದಿನ ದಾರಿ ಮುಳುಗಿದರೆ ನಾವು ಆ ನಾಲ್ಕು ದಿನ ನಡೆಯುವುದಿಲ್ಲ, ಅಷ್ಟೇ.

ದೊಡ್ಡ ರಾಜಕಾಲುವೆಗೆ 50 ಮೀಟರ್ ಮೀಸಲು ಜಾಗ ಬಿಡಬೇಕು ಅಂತ 2015ರ ಮಾಸ್ಟರ್ ಪ್ಲಾನ್‌ನಲ್ಲೇ ಇದೆ. ನಾನು ಹೊಸ ಕಾನೂನು ಕೇಳುತ್ತಿಲ್ಲ. ಆ ಗೆರೆಯನ್ನು ನೆಲದ ಮೇಲೆ ಕಲ್ಲು ನೆಟ್ಟು ತೋರಿಸಿ ಅಂತ ಕೇಳುತ್ತಿದ್ದೇನೆ.

ಮರ ನೆಡುವಾಗ ದಯವಿಟ್ಟು ಹೊಳೆಯ ಮರಗಳನ್ನೇ ನೆಡಿ. ಹೊಳೆಮತ್ತಿ ಅಂತ ಹೆಸರಿನಲ್ಲೇ ಹೊಳೆ ಇರುವ ಮರ ನಮ್ಮಲ್ಲಿದೆ. ಹೊಂಗೆ, ನೇರಳೆ, ಅತ್ತಿ, ಬಿದಿರು. ಇವುಗಳ ಬೇರು ದಂಡೆಯನ್ನು ಹಿಡಿಯುತ್ತದೆ. ಕುಂಡದಲ್ಲಿ ಇಡುವ ಗಿಡ ತಂದು ಸಾಲಾಗಿ ನೆಟ್ಟು ದಿನಾ ಟ್ಯಾಂಕರ್ ನೀರು ಹಾಕುವುದು ಬೇಡ. ಕಾರಂಜಿ ಬೇಡ. ಬಣ್ಣದ ದೀಪ ಬೇಡ. ಹೆಂಗಸರು, ಮಕ್ಕಳು ಹೆದರದೆ ನಡೆಯುವಷ್ಟು ಬೆಳಕು, ಅಲ್ಲಲ್ಲಿ ಕೂರೋಕೆ ಕಲ್ಲು ಬೆಂಚು, ಶುಚಿಯಾದ ಒಂದೆರಡು ಶೌಚಾಲಯ, ಇಷ್ಟಿದ್ದರೆ ಸಾಕು.

ಶುರುಮಾಡುವುದು ಎಲ್ಲಿಂದ ಅನ್ನುವುದಕ್ಕೂ ನನ್ನದೊಂದು ಸಲಹೆ ಇದೆ. 2021ರ ಆಗಸ್ಟ್‌ನಲ್ಲಿ ಮೈಸೂರು ರಸ್ತೆ ನಿಲ್ದಾಣದಿಂದ ಕೆಂಗೇರಿಗೆ ನೇರಳೆ ಮಾರ್ಗದ ಮೆಟ್ರೊ ಬಂತು. 7.5 ಕಿಲೋಮೀಟರ್, ಆರು ನಿಲ್ದಾಣ. ಹೊಳೆಯೂ ಹೆಚ್ಚು ಕಡಿಮೆ ಅದರ ಜೊತೆಗೇ ಹೋಗುತ್ತದೆ. ದಾರಿ ಆದರೆ ಜನ ಒಂದು ನಿಲ್ದಾಣದಲ್ಲಿ ಇಳಿದು ಮುಂದಿನದರವರೆಗೆ ಹೊಳೆ ಪಕ್ಕ ನಡೆದು ಮತ್ತೆ ರೈಲು ಹತ್ತಬಹುದು. ಪಾರ್ಕಿಂಗ್ ಬೇಡ, ಕಾರು ಬೇಡ. ನಡುವೆ ಜ್ಞಾನಭಾರತಿ ಆವರಣ ಇದೆ, ಸಾವಿರ ಎಕರೆಗೂ ಜಾಸ್ತಿ ಜಾಗ, ಅದರಲ್ಲಿ ಜೈವಿಕ ಉದ್ಯಾನ. ಅಲ್ಲಿ ಬಿದ್ದ ಮಳೆ ನೀರು ಇಳಿಯುವುದೂ ಈ ಹೊಳೆಗೇ. ಮರ ಬಲ್ಲವರು, ನೀರು ಪರೀಕ್ಷೆ ಮಾಡಬಲ್ಲ ವಿದ್ಯಾರ್ಥಿಗಳು ಪಕ್ಕದಲ್ಲೇ ಇದ್ದಾರೆ. ಇಡೀ ದಾರಿಗೆ ದೊಡ್ಡ ಟೆಂಡರ್ ಕರೆದು ಐದು ವರ್ಷ ಕಾಯುವುದಕ್ಕಿಂತ, ಮಣ್ಣಿನ ದಂಡೆ ಉಳಿದಿರುವ ಕಡೆ ಮೊದಲ ಒಂದು ಕಿಲೋಮೀಟರ್ ಮಾಡಿ. ಆ ಒಂದು ಕಿಲೋಮೀಟರ್‌ಗೆ ಸೇರುವ ಎಲ್ಲಾ ಕೊಳವೆಗಳ ಮೂಲ ಹುಡುಕಿ ಸರಿಪಡಿಸಿ. ಜನ ನೋಡಲಿ. ಆಮೇಲೆ ಮುಂದಿನ ಕಿಲೋಮೀಟರ್‌ಗೆ ನಿಮ್ಮ ಜೊತೆ ನಿಲ್ಲುವವರು ತಾವಾಗಿಯೇ ಬರುತ್ತಾರೆ.

ಆರೂ ನಿಲ್ದಾಣಗಳಲ್ಲಿ ಒಂದೊಂದು ಬೋರ್ಡ್ ಹಾಕಿ. ಆ ತಿಂಗಳ ನೀರಿನ ಪರೀಕ್ಷೆಯ ಫಲಿತಾಂಶ ಅದರಲ್ಲಿ ಇರಲಿ, ಕನ್ನಡದಲ್ಲಿ, ಎಲ್ಲರಿಗೂ ಅರ್ಥವಾಗುವ ಹಾಗೆ. ಸ್ನಾನಕ್ಕೆ ಯೋಗ್ಯವಾದ ನದಿ ನೀರಿನಲ್ಲಿ ಲೀಟರ್‌ಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು ಅಂತ ನಿಯಮ. ಮೀನಿಗೆ 4 ಆದರೂ ಬೇಕು. ಸ್ನಾನ ಮಾಡುವ ಆಸೆ ನಮಗೆ ಈಗಲೇ ಇಲ್ಲ. 4 ಅನ್ನುವ ಅಂಕಿಯನ್ನು ಬೋರ್ಡಿನ ಮೇಲೆ ನೋಡುವ ಆಸೆ ಇದೆ. ಅಲ್ಲೇ ಕೆಳಗೆ, ಈ ಹೊಳೆಗೆ ಜವಾಬ್ದಾರರಾದ ಒಬ್ಬ ಅಧಿಕಾರಿಯ ಹುದ್ದೆ ಮತ್ತು ಫೋನ್ ನಂಬರ್ ಇರಲಿ. ಮಲ್ಲೇಶ್ವರದಿಂದ ಬೈರಮಂಗಲದವರೆಗೆ ಒಬ್ಬರೇ. ಯಾವ ಇಲಾಖೆಯ ಕೆಲಸ ಅಂತ ಅವರೇ ಹುಡುಕಿಕೊಳ್ಳಲಿ, ನಾವು ಹುಡುಕುವುದು ಸಾಕಾಗಿದೆ.

ದಂಡೆಯಲ್ಲಿ ಶೀಟಿನ ಮನೆ ಹಾಕಿಕೊಂಡು ಬದುಕುವವರ ಬಗ್ಗೆ ಎರಡು ಮಾತು. ಹೊಳೆ ಉದ್ಧಾರ ಅಂದ ತಕ್ಷಣ ಮೊದಲು ಜೆಸಿಬಿ ಹೋಗುವುದು ಅವರ ಮನೆಗೇ. ದಯವಿಟ್ಟು ಹಾಗೆ ಮಾಡಬೇಡಿ. ಮಳೆಗಾಲದಲ್ಲಿ ರಾತ್ರಿಯೆಲ್ಲ ಎದ್ದು ಕೂರುವವರು ಅವರು, ಆ ಜಾಗ ಅವರಿಗೂ ಕ್ಷೇಮವಲ್ಲ. ಕೆಲಸ, ಶಾಲೆ ಹತ್ತಿರ ಇರುವ ಕಡೆ ಮನೆ ಕೊಟ್ಟ ಮೇಲೆಯೇ ಅವರನ್ನು ಕರೆಯಿರಿ. ಸರ್ವೆ ಶುರುವಾಗುವುದಾದರೆ ದೊಡ್ಡ ಕಾಂಪೌಂಡುಗಳಿಂದ ಶುರುವಾಗಲಿ.

ಇನ್ನು ಬೈರಮಂಗಲದ ರೈತರು. ನಾವು ಬಿಟ್ಟ ನೀರಲ್ಲೇ ಅವರು ಹುಲ್ಲು, ತೆಂಗು, ಹಿಪ್ಪುನೇರಳೆ ಬೆಳೆಯುತ್ತಿದ್ದಾರೆ. ಕೆರೆಯ ಕೋಡಿಯಲ್ಲಿ ಏಳುವ ಬಿಳಿ ನೊರೆ ನಮ್ಮ ಮನೆಯ ಸೋಪಿನ ಪುಡಿಯದು. ಆ ನೀರಿಗೆ ಇಳಿದರೆ ಮೈ ತುರಿಕೆ ಅನ್ನುತ್ತಾರೆ, ಬೇರೆ ನೀರಿಲ್ಲದೆ ಇಳಿಯುತ್ತಾರೆ. ನಾನು ಕೇಳುವ ದಾರಿ ಕೆಂಗೇರಿಗೆ ನಿಲ್ಲಬಹುದು, ನೀರು ನಿಲ್ಲುವುದಿಲ್ಲ. ಈ ಕೆಲಸದ ಸಮಿತಿ ಮಾಡುವುದಾದರೆ ಅದರಲ್ಲಿ ನಮ್ಮಂಥ ಬಡಾವಣೆಯವರಿಗಿಂತ ಮೊದಲು ಅವರಿಗೆ ಕುರ್ಚಿ ಹಾಕಿ. ಹೊಳೆ ಸರಿಯಾಗಿದೆಯೋ ಇಲ್ಲವೋ ಅಂತ ನಿಜವಾಗಿ ಹೇಳಬಲ್ಲವರು ಕೆಳಗಿನವರೇ.

ನನ್ನ ಅಕ್ಕಪಕ್ಕದವರಿಗೂ ಒಂದು ಮಾತು. ನಮ್ಮ ಮನೆ ಕಟ್ಟಿಸುವಾಗ ಬಚ್ಚಲ ನೀರನ್ನು ಎಲ್ಲಿಗೆ ಬಿಡುತ್ತಿದ್ದೇವೆ ಅಂತ ನಾವು ಮೇಸ್ತ್ರಿಯನ್ನು ಕೇಳಲಿಲ್ಲ. ಈ ಪತ್ರ ಬರೆಯುವ ಮುಂಚೆ ನಾನು ಪ್ಲಂಬರ್ ಕರೆಸಿ ನೋಡಿಸಿದೆ. ಹಿತ್ತಲ ಕಡೆಯ ಒಂದು ಪೈಪು ಮಳೆ ನೀರಿನ ಮೋರಿಗೇ ಹೋಗಿತ್ತು. ಇಪ್ಪತ್ತು ವರ್ಷ ನಮ್ಮ ಮನೆಯ ಪಾತ್ರೆ ತೊಳೆದ ನೀರು ಹೊಳೆಗೆ ಹೋಗಿದೆ. ನಾಚಿಕೆಯಾಯಿತು. ಎರಡು ದಿನದಲ್ಲಿ ಬದಲಾಯಿಸಿದೆವು. ನೀವೂ ಒಮ್ಮೆ ನೋಡಿಸಿ.

ಮಾನ್ಯರೇ, ನಕ್ಷೆ ನಮ್ಮ ಹತ್ತಿರ ಇದೆ, ಚುಕ್ಕೆಗಳ ಸಮೇತ. ಫೋಟೋಗಳೂ ಇವೆ. ಕಚೇರಿಗೆ ತಂದುಕೊಡಿ ಅಂದರೆ ತರುತ್ತೇವೆ. ಆದರೆ ನೀವೇ ಒಮ್ಮೆ ಬಂದರೆ ಒಳ್ಳೆಯದು. ಯಾವ ಭಾನುವಾರ ಆದರೂ ಸರಿ, ಬೆಳಿಗ್ಗೆ ಆರೂವರೆಗೆ ಕೆಂಗೇರಿ ಮೆಟ್ರೊ ನಿಲ್ದಾಣದ ಮೆಟ್ಟಿಲ ಹತ್ತಿರ ನಾವು ಮೂವರು ಇರುತ್ತೇವೆ. ಕೆಸರಿಗೆ ಆಗುವ ಬೂಟು ಹಾಕಿಕೊಂಡು ಬನ್ನಿ. ಕಾಫಿ ನಾನು ತರುತ್ತೇನೆ. ಆ ಎರಡು ಹೊಂಗೆ ಮರದವರೆಗೆ ನಡೆಯೋಣ.

ಇಂತಿ,
ಕೆಂಗೇರಿ ಉಪನಗರದ ಒಬ್ಬ ಗೃಹಿಣಿ